ಜೇಡಿಮಣ್ಣಿನ ಟ್ರ್ಯಾಕ್‌ಗೆ ಸ್ಪ್ರಿಂಗ್: ಆಯ್ಕೆ, ಜೋಡಣೆ, ಅಳತೆ

ಅಮೆರಿಕದ ಜೇಡಿಮಣ್ಣಿನ ಓವಲ್ ಟ್ರ್ಯಾಕ್‌ಗಳಲ್ಲಿ ಓಡುವ ಡರ್ಟ್ ಲೇಟ್ ಮಾಡೆಲ್ ಕಾರಿನ ತೂಕ ಸುಮಾರು 2,300 ಪೌಂಡ್, ಅಂದರೆ 1,040 ಕಿಲೋ. ಎಂಜಿನ್ನಿನ ಬಲ 800 ಅಶ್ವಶಕ್ತಿಗೂ ಮೇಲೆ. ಇಷ್ಟು ಹಗುರವಾದ ಗಾಡಿಗೆ ಇಷ್ಟು ಬಲ ಸಿಕ್ಕಾಗ ವೇಗಕ್ಕೆ ಮಿತಿ ಹಾಕುವುದು ಎಂಜಿನ್ ಅಲ್ಲ, ಟಯರು ಮಣ್ಣನ್ನು ಕಚ್ಚಿ ಹಿಡಿಯುವ ಶಕ್ತಿ. ಯಾವ ಚಕ್ರದ ಮೇಲೆ ಯಾವ ಕ್ಷಣದಲ್ಲಿ ಎಷ್ಟು ಭಾರ ಬಿದ್ದಿದೆ ಎಂಬುದರ ಮೇಲೆ ಆ ಹಿಡಿತ ನಿಂತಿದೆ. ಭಾರವನ್ನು ನಾಲ್ಕು ಮೂಲೆಗಳಿಗೆ ಹಂಚುವ ಕೆಲಸದಲ್ಲಿ ದೊಡ್ಡ ಪಾಲು ಸ್ಪ್ರಿಂಗ್‌ಗಳದು. ಡಾಂಬರು ಟ್ರ್ಯಾಕ್‌ನ ಕಾರಿನಲ್ಲಿ ಚಾಸಿಯ ಅಲುಗಾಟ ಕಡಿಮೆ. ಮಣ್ಣಿನ ಕಾರು ತಿರುವಿನಲ್ಲಿ ಬಲ ಮುಂದಿನ ಮೂಲೆಯನ್ನು ನೆಲಕ್ಕೆ ಒತ್ತಿ, ಎಡ ಹಿಂದಿನ ಮೂಲೆಯನ್ನು ಎತ್ತಿ ಓಡುತ್ತದೆ. ಆದ್ದರಿಂದ ಇಲ್ಲಿನ ಸ್ಪ್ರಿಂಗ್ ಆಯ್ಕೆಯೆಂದರೆ ಕಾರು ನಿಂತಾಗಿನ ಲೆಕ್ಕವಷ್ಟೇ ಅಲ್ಲ, ಓಡುವಾಗ ಅದು ಯಾವ ಎತ್ತರದಲ್ಲಿರುತ್ತದೆ ಎಂಬುದರ ಲೆಕ್ಕವೂ ಹೌದು.

ಟ್ರ್ಯಾಕ್ ಕೂಡ ಇದ್ದ ಹಾಗೆ ಇರುವುದಿಲ್ಲ. ಒಹಾಯೊ ರಾಜ್ಯದ ರಾಸ್‌ಬರ್ಗ್ ಬಳಿ 1954ರಲ್ಲಿ ಆರಂಭವಾದ ಎಲ್ಡೋರಾ ಸ್ಪೀಡ್‌ವೇ ಅರ್ಧ ಮೈಲಿ ಸುತ್ತಿನದು. ತಿರುವುಗಳ ವಾಟ 24 ಡಿಗ್ರಿ. 1971ರಿಂದ ಅಲ್ಲಿ ನಡೆದು ಬಂದಿರುವ ವರ್ಲ್ಡ್ 100 ಲೇಟ್ ಮಾಡೆಲ್ ವರ್ಗದ ಅತ್ಯಂತ ಪ್ರತಿಷ್ಠಿತ ರೇಸ್‌ಗಳಲ್ಲೊಂದು. ಇಂಥ ಟ್ರ್ಯಾಕ್‌ಗೆ ನೀರು ಹಾಯಿಸಿ ಹದ ಮಾಡಿದ ಮಣ್ಣು ಸಂಜೆಯ ಹೊತ್ತಿಗೆ ಅಂಟಂಟಾಗಿ ಟಯರನ್ನು ಹಿಡಿದುಕೊಳ್ಳುತ್ತದೆ. ಮುಖ್ಯ ರೇಸಿನ ಹೊತ್ತಿಗೆ ಅದೇ ಮಣ್ಣು ಒಣಗಿ, ಹೊಳಪೇರಿ, ಟಯರು ಜಾರುವಷ್ಟು ನುಣುಪಾಗಿರುತ್ತದೆ. ಹಸಿ ಮಣ್ಣಿನಲ್ಲಿ ಹಿಡಿತ ಜಾಸ್ತಿಯಿರುವುದರಿಂದ ಕಾರು ಹೊರಕ್ಕೆ ಜೋರಾಗಿ ವಾಲುತ್ತದೆ. ಬಲಬದಿಗೆ ಗಡಸು ಸ್ಪ್ರಿಂಗ್ ಬೇಕು. ಒಣ ಮಣ್ಣಿನಲ್ಲಿ ವಾಲಿಸುವಷ್ಟು ಬಲವೇ ಹುಟ್ಟುವುದಿಲ್ಲ. ಮೆದು ಸ್ಪ್ರಿಂಗ್ ಹಾಕಿ ಇದ್ದ ಅಲ್ಪ ಬಲಕ್ಕೇ ಚಾಸಿ ಅಲುಗುವಂತೆ ಮಾಡಬೇಕು.

ಸ್ಪ್ರಿಂಗ್‌ನ ಗಡಸುತನವನ್ನು ಹೇಳುವ ಅಂಕಿಗೆ ರೇಟ್ ಎಂದು ಹೆಸರು. ಒಂದು ಇಂಚು ಅದುಮಲು ಎಷ್ಟು ಪೌಂಡ್ ಭಾರ ಬೇಕೋ ಅದೇ ರೇಟ್. 200 ಪೌಂಡ್ ಸ್ಪ್ರಿಂಗ್ ಎಂದರೆ ಮೊದಲ ಇಂಚಿಗೆ 200, ಎರಡನೆಯದಕ್ಕೆ ಒಟ್ಟು 400. ಜಪಾನಿನ ತಯಾರಕರು ಇದನ್ನು ಮಿಲಿಮೀಟರಿಗೆ ಇಷ್ಟು ಕಿಲೋ ಎಂದು ಬರೆಯುತ್ತಾರೆ. ಮಿಲಿಮೀಟರಿಗೆ 1 ಕಿಲೋ ಎಂದರೆ ಇಂಚಿಗೆ 56 ಪೌಂಡ್, ಹಾಗಾಗಿ 200 ಪೌಂಡ್ ಸ್ಪ್ರಿಂಗ್ ಸುಮಾರು 3.6 ಕಿಲೋದ್ದು. ರೇಟನ್ನು ತೀರ್ಮಾನಿಸುವುದು ತಂತಿಯ ದಪ್ಪ, ಸುರುಳಿಯ ಅಗಲ, ದುಡಿಯುವ ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣ. ಇವುಗಳಲ್ಲಿ ತಂತಿಯ ದಪ್ಪದ್ದೇ ಕಾರುಬಾರು, ಏಕೆಂದರೆ ರೇಟ್ ಆ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ: ತಂತಿ ಶೇಕಡ 10ರಷ್ಟು ದಪ್ಪವಾದರೆ ರೇಟ್ ಶೇಕಡ 46ರಷ್ಟು ಹೆಚ್ಚು. ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸು. ಕಾರನ್ನು ತಗ್ಗಿಸಲೆಂದು ಒಂದೆರಡು ಸುತ್ತು ಕತ್ತರಿಸಿ ಹಾಕುವವರು ತಮಗರಿವಿಲ್ಲದೆಯೇ ರೇಟನ್ನೂ ಏರಿಸಿರುತ್ತಾರೆ.

ಈಗಿನ ರೇಸ್ ಸ್ಪ್ರಿಂಗ್‌ಗಳು ಬಹುತೇಕ ಕ್ರೋಮ್ ಸಿಲಿಕಾನ್ ಉಕ್ಕಿನ ತಂತಿಯವು. ಸುತ್ತಿದ ಮೇಲೆ ಸುರುಳಿಗಳು ಒಂದಕ್ಕೊಂದು ತಾಗುವವರೆಗೆ ಅದುಮಿ, ಮುಂದೆ ಕುಗ್ಗದಂತೆ ಮೊದಲೇ ಪಳಗಿಸಿರುತ್ತಾರೆ. ಶಾಕ್ ಅಬ್ಸಾರ್ಬರಿನ ಮೈಗೇ ಕೂರುವ ಕಾಯಿಲ್‌ಓವರ್ ಸ್ಪ್ರಿಂಗ್‌ನ ಒಳವ್ಯಾಸ ಸಾಮಾನ್ಯವಾಗಿ ಎರಡೂವರೆ ಇಂಚು. ಉದ್ದ 8ರಿಂದ 16 ಇಂಚಿನವರೆಗೆ. ಕೆಳಗಿನ ವರ್ಗಗಳ ಸ್ಟ್ರೀಟ್ ಸ್ಟಾಕ್ ಮತ್ತು ಮಾಡಿಫೈಡ್ ಕಾರುಗಳಲ್ಲಿ ಐದಿಂಚು ಅಗಲದ ದೊಡ್ಡ ಸ್ಪ್ರಿಂಗ್‌ಗಳು ಇನ್ನೂ ಇವೆ. ರೆಕ್ಕೆ ಹೊತ್ತ ಸ್ಪ್ರಿಂಟ್ ಕಾರುಗಳು ಹೆಚ್ಚಾಗಿ ತಿರುಚುವ ಸರಳುಗಳ ಮೇಲೆ ನಡೆಯುವುದರಿಂದ ಅವುಗಳ ಲೆಕ್ಕಾಚಾರವೇ ಬೇರೆ.

ರೇಟ್ ಬೇರೆ, ಭಾರ ಬೇರೆ. ಈ ಎರಡನ್ನು ಕಲಸಿಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಅಡ್ಜಸ್ಟರ್ ನಟ್ಟನ್ನು ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಿದರೆ ಅದು ಗಡಸಾಗುವುದಿಲ್ಲ. ಚಾಸಿ ಎತ್ತರಕ್ಕೇರುತ್ತದೆ, ಆ ಮೂಲೆಯ ಮತ್ತು ಅದಕ್ಕೆ ಓರೆಯಾಗಿರುವ ಮೂಲೆಯ ಭಾರ ಹೆಚ್ಚುತ್ತದೆ, ಅಷ್ಟೇ. ಎಡ ಹಿಂದಿನ ಮೂಲೆಯಲ್ಲಿ ಸ್ಪ್ರಿಂಗ್ 600 ಪೌಂಡ್ ಹೊತ್ತು ನಿಂತಿದೆ ಎಂದಿಟ್ಟುಕೊಂಡರೆ, 200 ಪೌಂಡ್ ಸ್ಪ್ರಿಂಗ್ ಆಗಿದ್ದಲ್ಲಿ ಅದು 3 ಇಂಚು ಕುಗ್ಗಿರುತ್ತದೆ, 150 ಪೌಂಡ್ ಸ್ಪ್ರಿಂಗ್ ಆಗಿದ್ದಲ್ಲಿ 4 ಇಂಚು. ನಿಂತ ಕಾರಿನ ಕೆಳಗೆ ತಕ್ಕಡಿ ಇಟ್ಟರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ಆದರೆ ತಿರುವಿನಲ್ಲಿ ಆ ಮೂಲೆ 3 ಇಂಚು ಮೇಲೆದ್ದಾಗ ಮೊದಲನೆಯದರಲ್ಲಿ ಒತ್ತಡವೇ ಉಳಿಯುವುದಿಲ್ಲ. ಎರಡನೆಯದು ಇನ್ನೂ 150 ಪೌಂಡ್ ಬಲದಿಂದ ಚಕ್ರವನ್ನು ನೆಲಕ್ಕೆ ತಳ್ಳುತ್ತಿರುತ್ತದೆ. ಮೇಲೇಳುವ ಮೂಲೆಗೆ ಉದ್ದನೆಯ ಮೆದು ಸ್ಪ್ರಿಂಗ್, ಕುಗ್ಗುವ ಮೂಲೆಗೆ ಕೊನೆಯಲ್ಲಿ ಗಡಸಾಗುವ ಸ್ಪ್ರಿಂಗ್ ಎಂಬ ರೂಢಿಯ ಹಿಂದಿರುವ ಲೆಕ್ಕ ಇದೇ.

ಸ್ಪ್ರಿಂಗ್ ಮೇಲೆ ಬರೆದ ಅಂಕಿ ಚಕ್ರಕ್ಕೆ ಹಾಗೆಯೇ ತಲುಪುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಮುಂದಿನ ಕೆಳತೋಳಿನ ಮೇಲೆ ಚಕ್ರಕ್ಕಿಂತ ಒಳಗೆ ಸ್ಪ್ರಿಂಗ್ ಕೂತಿರುವುದರಿಂದ ಚಕ್ರ ಒಂದಿಂಚು ಏರಿದಾಗ ಶಾಕ್ ಅದಕ್ಕಿಂತ ಕಡಿಮೆ ಚಲಿಸುತ್ತದೆ. ಚಕ್ರದ ಒಂದಿಂಚಿಗೆ ಶಾಕ್ 0.7 ಇಂಚು ಚಲಿಸಿದರೆ ಚಕ್ರಕ್ಕೆ ಸಿಗುವ ರೇಟ್ ಆ ಅನುಪಾತದ ವರ್ಗದಷ್ಟು ಮಾತ್ರ, ಅಂದರೆ 0.49 ಪಾಲು, 400 ಪೌಂಡ್ ಸ್ಪ್ರಿಂಗ್ ಚಕ್ರದ ಮಟ್ಟಿಗೆ 196 ಪೌಂಡಿನದಾಗುತ್ತದೆ. ಶಾಕ್ ಓರೆಯಾಗಿ ನಿಂತಿದ್ದರೆ ಮತ್ತಷ್ಟು ಖೋತಾ: ಲಂಬದಿಂದ 20 ಡಿಗ್ರಿ ವಾಲಿದ್ದರೆ ಸುಮಾರು ಶೇಕಡ 12. ಚಾಸಿ ಅಲುಗಿದಂತೆಲ್ಲ ಆ ಕೋನವೂ ಬದಲಾಗುತ್ತದೆ. ಒಂದು ತಯಾರಕರ ಚಾಸಿಯಲ್ಲಿ ಗೆದ್ದ ಸ್ಪ್ರಿಂಗ್ ಪಟ್ಟಿಯನ್ನು ಇನ್ನೊಂದರ ಚಾಸಿಗೆ ನಕಲು ಮಾಡಿದವರು ನಿರಾಶರಾಗುವುದು ಬಹುಮಟ್ಟಿಗೆ ಈ ಕಾರಣಕ್ಕೆ.

ನಾಲ್ಕು ಮೂಲೆಗಳಿಗೂ ಬೇರೆ ಬೇರೆ ಕೆಲಸವಿದೆ. ಲೇಟ್ ಮಾಡೆಲ್‌ನಲ್ಲಿ ಹಿಂದಿನ ಸ್ಪ್ರಿಂಗ್‌ಗಳು ಸಾಮಾನ್ಯವಾಗಿ 150ರಿಂದ 250 ಪೌಂಡ್ ಆಸುಪಾಸಿನವು, ಮುಂದಿನವು ಅದಕ್ಕಿಂತ ಗಡಸು. ಕಾರು ಅಪ್ರದಕ್ಷಿಣವಾಗಿ ಸುತ್ತುವುದರಿಂದ ತಿರುವಿಗೆ ನುಗ್ಗಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಬಲ ಮುಂದಿನ ಚಕ್ರಕ್ಕೆ ಹರಿಯುತ್ತದೆ. ಅಲ್ಲಿನ ಸ್ಪ್ರಿಂಗ್ ಅತಿ ಮೆದುವಾದರೆ ಮೂಗು ನೆಲಕ್ಕೆ ಬಡಿಯುತ್ತದೆ. ಅತಿ ಗಡಸಾದರೆ ಮುಂಭಾಗ ತಿರುಗದೆ ನೇರಕ್ಕೆ ಜಾರುತ್ತದೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಕಾರು ಟೈಟ್. ಬಲ ಹಿಂದಿನ ಸ್ಪ್ರಿಂಗ್ ಗಡಸಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ, ಕಾರು ಲೂಸ್. ಮೆದುವಾದರೆ ಆ ಚಕ್ರ ಮಣ್ಣಿಗೆ ಊರಿಕೊಳ್ಳುತ್ತದೆ. ಎಡ ಮುಂದಿನದು ನಾಲ್ಕರಲ್ಲಿ ಸೌಮ್ಯವಾದ ಮೂಲೆ. ತಿರುವಿನಲ್ಲಿ ಅದರ ಮೇಲೆ ಉಳಿಯುವ ಭಾರವೇ ಅತ್ಯಲ್ಪ, ಕೆಲವೊಮ್ಮೆ ಆ ಚಕ್ರ ಗಾಳಿಯಲ್ಲೇ ಇರುತ್ತದೆ.

ಎಡ ಹಿಂದಿನ ಮೂಲೆಯದು ಮಾತ್ರ ವಿಚಿತ್ರ. ಹಿಂದಿನ ಆಕ್ಸಲನ್ನು ಪ್ರತಿ ಬದಿಯಲ್ಲೂ ಎರಡೆರಡು ಸರಳುಗಳು ಚಾಸಿಗೆ ಕಟ್ಟಿರುತ್ತವೆ. ಸರಳುಗಳ ತುದಿ ಆಕ್ಸಲ್ ನಳಿಗೆಯ ಮೇಲೆ ಸುತ್ತಬಲ್ಲ ಬರ್ಡ್‌ಕೇಜ್ ಎಂಬ ಗೂಡಿಗೆ ಸೇರಿರುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಓರೆಯಾದ ಆ ಸರಳುಗಳ ಮೂಲಕ ಚಕ್ರ ಮುಂದಕ್ಕೆ ತಳ್ಳಿ ಚಾಸಿಯ ಅಡಿಗೆ ನುಗ್ಗುತ್ತದೆ, ಚಾಸಿ ಹಲವು ಇಂಚು ಮೇಲೇಳುತ್ತದೆ. ಹೀಗೆ ಎದ್ದ ಕಾರಿನ ಹಿಂಭಾಗ ತಾನೇ ಬಲಗಡೆಗೆ ತಿರುಗಿ ಕಾರನ್ನು ತಿರುವಿಗೆ ಒಗ್ಗಿಸುತ್ತದೆ. ಈ ಏಳುವಿಕೆಯ ಹೊತ್ತಿನಲ್ಲಿ ಬರ್ಡ್‌ಕೇಜ್ ಕೂಡ ನಳಿಗೆಯ ಸುತ್ತ ಹೊರಳುತ್ತದೆ. ಸ್ಪ್ರಿಂಗ್ ಅದಕ್ಕೇ ಬಿಗಿದಿದ್ದರೆ, ಆಕ್ಸಲಿನ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಅದು ಹೆಚ್ಚು ಕುಗ್ಗಬಹುದು ಅಥವಾ ಸಡಿಲಗೊಳ್ಳಬಹುದು. ಚಾಸಿ 5 ಇಂಚು ಎದ್ದಿತೆಂದ ಮಾತ್ರಕ್ಕೆ ಸ್ಪ್ರಿಂಗ್ 5 ಇಂಚು ಹಿಗ್ಗಿತೆಂದು ಭಾವಿಸುವಂತಿಲ್ಲ. ಆದ್ದರಿಂದ ಈ ಮೂಲೆಯ ಸ್ಪ್ರಿಂಗ್ ಆರಿಸುವ ಮುನ್ನ ಕಾರನ್ನು ಜಾಕ್ ಮೇಲೆತ್ತಿ, ತಿರುವಿನ ಭಂಗಿಯಲ್ಲಿ ನಿಲ್ಲಿಸಿ, ಶಾಕ್‌ನ ಉದ್ದವನ್ನು ಅಳೆಯುವುದೊಂದೇ ನಂಬಬಹುದಾದ ದಾರಿ. ಅತಿಯಾಗಿ ಏಳದಂತೆ ಒಂದು ಸರಪಳಿಯನ್ನೂ ಕಟ್ಟುತ್ತಾರೆ. ದೊಡ್ಡ ಸರಣಿಗಳು ಹಿಂಭಾಗ ಎಷ್ಟು ಏಳಬಹುದೆಂಬುದಕ್ಕೆ ಈಚೆಗೆ ಮಿತಿ ಹಾಕಿರುವುದರಿಂದ ಆ ಸರಪಳಿಯ ಉದ್ದವೂ ಈಗ ತಪಾಸಣೆಯ ವಿಷಯ.

ಸಾಮಾನ್ಯ ಸ್ಪ್ರಿಂಗ್‌ಗೆ ಒಂದೇ ರೇಟ್. ನಿಂತಾಗ ಮೆದು, ಅದುಮಿದಾಗ ಗಡಸು ಬೇಕೆಂದರೆ ಸುತ್ತುಗಳ ಅಂತರ ಬದಲಾಗುತ್ತ ಹೋಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಬಹುದು. ಆದರೆ ಅದರ ಗುಣವನ್ನು ಕಾರ್ಖಾನೆಯೇ ಗೊತ್ತುಮಾಡಿಬಿಟ್ಟಿರುತ್ತದೆ. ಟ್ರ್ಯಾಕ್ ಪಕ್ಕದಲ್ಲಿ ತಿದ್ದಲು ಬರುವುದಿಲ್ಲ. ಒಂದರ ಮೇಲೊಂದು ಎರಡು ಸ್ಪ್ರಿಂಗ್ ಪೇರಿಸುವ ಪದ್ಧತಿ ಬೆಳೆದದ್ದು ಈ ಕೊರತೆ ನೀಗಲು. ಪೇರಿಸಿದ ಸ್ಪ್ರಿಂಗ್‌ಗಳೆರಡರಲ್ಲೂ ಒಂದೇ ಬಲ ಹಾಯುತ್ತದೆ, ಅದುಮುವ ದೂರಗಳು ಕೂಡುತ್ತವೆ. ಹಾಗಾಗಿ ಜೋಡಿಯ ರೇಟ್ ಎರಡರಲ್ಲಿ ಮೆದುವಾದದ್ದಕ್ಕಿಂತಲೂ ಕಡಿಮೆ. ಎರಡೂ ರೇಟ್‌ಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ: 300 ಮತ್ತು 600 ಸೇರಿದರೆ 200, 600 ಮತ್ತು 600 ಸೇರಿದರೆ 300. ಎರಡು ಸ್ಪ್ರಿಂಗ್ ಹಾಕಿದ ಮೇಲೆ ಗಡಸು ಹೆಚ್ಚಬೇಕಲ್ಲವೇ ಎಂಬ ಎಣಿಕೆ ಹೊಸಬರಲ್ಲಿ ಸಾಮಾನ್ಯ. ಅದು ನಿಜವಾಗುವುದು ಎರಡೂ ಅಕ್ಕಪಕ್ಕ ನಿಂತು ಭಾರ ಹಂಚಿಕೊಂಡಾಗ, ಒಂದರ ತಲೆಯ ಮೇಲೊಂದು ಕೂತಾಗಲ್ಲ.

ಜೋಡಿಯ ನಡುವೆ ಶಾಕ್‌ನ ಮೈಮೇಲೆ ಜಾರುವ ಸ್ಲೈಡರ್ ಇರುತ್ತದೆ. ಮೇಲಿನ ಸ್ಪ್ರಿಂಗ್ ಅಡ್ಜಸ್ಟರ್ ನಟ್ಟಿಗೂ ಸ್ಲೈಡರ್‌ಗೂ ನಡುವೆ, ಕೆಳಗಿನದು ಸ್ಲೈಡರ್‌ಗೂ ಶಾಫ್ಟ್ ತುದಿಯ ಬಟ್ಟಲಿಗೂ ನಡುವೆ. ಶಾಕ್‌ನ ಮರೆಗಳ ಮೇಲೆ ಸ್ಟಾಪ್ ನಟ್ ಕೂರಿಸಿರುತ್ತಾರೆ. ಅದುಮಿದಂತೆ ಸ್ಲೈಡರ್ ಮೇಲೇರಿ ಆ ನಟ್ಟಿಗೆ ತಾಗುತ್ತದೆ. ಅಲ್ಲಿಂದ ಮೇಲಿನ ಸ್ಪ್ರಿಂಗ್‌ನ ಆಟ ಮುಗಿಯಿತು, ಕೆಳಗಿನದು ಒಂಟಿಯಾಗಿ ದುಡಿಯುತ್ತದೆ. ರೇಟ್ ಜಿಗಿಯುವ ಈ ಜಾಗವನ್ನು ಎಲ್ಲಿಡಬೇಕೆಂಬುದೇ ಪೇರಿಸುವ ಕಲೆಯ ತಿರುಳು.

ಬಲ ಮುಂದಿನ ಮೂಲೆಯ ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. 600 ಪೌಂಡಿನ ಎರಡು ಸ್ಪ್ರಿಂಗ್ ಪೇರಿಸಿದ್ದಾರೆ. ಕಾರು ನಿಂತಾಗ ಅಲ್ಲಿನ ಭಾರ 750 ಪೌಂಡ್. ಆಗ ಸ್ಲೈಡರ್‌ಗೂ ಸ್ಟಾಪ್ ನಟ್ಟಿಗೂ ನಡುವೆ ಒಂದಿಂಚು ಸಂದು. ಶಾಕ್ ಒಂದಿಂಚು ಕುಗ್ಗಿದಾಗ ಸ್ಪ್ರಿಂಗ್‌ಗಳು ಅರ್ಧರ್ಧ ಇಂಚು ಹಂಚಿಕೊಳ್ಳುತ್ತವೆ, ಹಾಗಾಗಿ ಸಂದು ಮುಚ್ಚಲು ಶಾಕ್ 2 ಇಂಚು ಕುಗ್ಗಬೇಕು. ಸಂದು ಒಂದಿಂಚು ಬಿಟ್ಟರೆ ರೇಟ್ ಜಿಗಿತವೂ ಒಂದಿಂಚಿಗೆ ಆಗುತ್ತದೆಂದು ಹಿಡಿಯುವುದು ಇಲ್ಲಿ ಬಲು ಸುಲಭವಾಗಿ ಆಗುವ ತಪ್ಪು. ಆ ಎರಡು ಇಂಚಿನಲ್ಲಿ 300ರ ರೇಟಿನಂತೆ 600 ಪೌಂಡ್ ಸೇರಿ ಭಾರ 1,350ಕ್ಕೆ ಬಂತು. ಮೂರನೆಯ ಇಂಚಿಗೆ ಒಂಟಿ ಸ್ಪ್ರಿಂಗ್‌ನ 600 ಸೇರಿ 1,950. ಇದೇ ಜಾಗದಲ್ಲಿ 400 ಪೌಂಡಿನ ಒಂಟಿ ಸ್ಪ್ರಿಂಗ್ ಇದ್ದಿದ್ದರೆ? ಮೂರನೆಯ ಇಂಚಿಗೆ ಅದೂ ಸರಿಯಾಗಿ 1,950 ಪೌಂಡ್ ತೋರಿಸುತ್ತದೆ. ಸೇರಿದ ಊರು ಒಂದೇ, ಬಂದ ದಾರಿ ಬೇರೆ. ಎರಡನೆಯ ಇಂಚಿನಲ್ಲಿ ಒಂಟಿ ಸ್ಪ್ರಿಂಗ್ 1,550 ಹೊತ್ತಿದ್ದರೆ ಜೋಡಿ 1,350 ಮಾತ್ರ. ನಾಲ್ಕನೆಯ ಇಂಚಿಗೆ ಹೋದರೆ ಒಂಟಿಯದು 2,350, ಜೋಡಿಯದು 2,550. ತಿರುವಿನ ಬಾಯಲ್ಲಿ ಜೋಡಿ ಬೇಗ ಬಾಗಿ ಮೂಗನ್ನು ತಗ್ಗಿಸುತ್ತದೆ, ಕೊನೆಯಲ್ಲಿ ಗಟ್ಟಿಯಾಗಿ ತಡೆಯುತ್ತದೆ. ತಗ್ಗಿದ ಮೂಗಿನಡಿ ಗಾಳಿ ಕಡಿಮೆ ನುಗ್ಗುವುದರಿಂದ ಕಾರು ನೆಲಕ್ಕೆ ಒತ್ತಿಕೊಳ್ಳುತ್ತದೆ ಎಂಬ ಲಾಭವೂ ಇದೆ. ಬಲ ಮುಂದಿನ ಮೂಲೆಯಲ್ಲಿ ಪೇರಿಸುವುದು ಇಷ್ಟು ಜನಪ್ರಿಯವಾಗಲು ಗಾಳಿಯ ಪಾಲೂ ಸಣ್ಣದಲ್ಲ.

ಎಡ ಹಿಂದೆ ಅದೇ ಸಾಧನ ತಲೆಕೆಳಗಾಗಿ ದುಡಿಯುತ್ತದೆ. 300ರ ಮುಖ್ಯ ಸ್ಪ್ರಿಂಗ್, ಅದರ ಮೇಲೆ 150ರದು; ಮೇಲಿನದು 2 ಇಂಚು ಅದುಮಿದಾಗ, ಅಂದರೆ 300 ಪೌಂಡ್ ಭಾರಕ್ಕೆ, ಸ್ಲೈಡರ್ ನಟ್ಟಿಗೆ ತಾಗುವಂತೆ ಇಟ್ಟಿದ್ದಾರೆ. ನಿಂತ ಕಾರಿನ ಭಾರ 600 ಆದ್ದರಿಂದ ಆಗಲೇ ಸಂದು ಮುಚ್ಚಿದೆ, ಕಾರು 300ರ ರೇಟಿನ ಮೇಲೆ ನಿಂತಿದೆ. ಮೂಲೆ ಮೇಲೇಳುವಾಗ ಮೊದಲ ಇಂಚಿಗೆ ಭಾರ 600ರಿಂದ 300ಕ್ಕೆ ಇಳಿಯುತ್ತದೆ. ಅಲ್ಲಿ ಸ್ಲೈಡರ್ ಬಿಟ್ಟುಕೊಂಡು ಜೋಡಿಯ ರೇಟ್ 100ಕ್ಕೆ ಬರುತ್ತದೆ. ಉಳಿದ 300 ಪೌಂಡ್ ಕರಗಲು ಮತ್ತೆ 3 ಇಂಚು ಬೇಕು. ಒಟ್ಟು 4 ಇಂಚು, 150ರ ಒಂಟಿ ಸ್ಪ್ರಿಂಗ್‌ನಷ್ಟೇ ದೂರ. ಮೇಲೆದ್ದ ಸ್ಥಿತಿಯಲ್ಲಿ ಮಾತ್ರ ಒಂಟಿಯದು ತುಸು ಹೆಚ್ಚು ಬಲ ಉಳಿಸಿಕೊಂಡಿರುತ್ತದೆ, ಆದರೆ ಚಾಲಕ ಆಕ್ಸಿಲರೇಟರ್ ಬಿಟ್ಟು ಆ ಮೂಲೆ ದೊಪ್ಪನೆ ಇಳಿದಾಗ ತಡೆಯಲು ಅದರಲ್ಲಿ ಜೋಡಿಯಷ್ಟು ಗಟ್ಟಿತನವಿಲ್ಲ. ಎರಡರಲ್ಲಿ ಯಾವುದು ಮೇಲೆಂಬುದನ್ನು ಟ್ರ್ಯಾಕ್‌ನ ಗುಂಡಿಗಳೇ ತೀರ್ಮಾನಿಸಬೇಕು.

ಸಡಿಲಾದ ಸ್ಪ್ರಿಂಗ್ ಜಾಗ ಬಿಟ್ಟು ಜಾರದಂತೆ ಹಿಡಿದಿಡುವುದಷ್ಟೇ ಉದ್ದೇಶವಾಗಿದ್ದರೆ ಹೆಲ್ಪರ್ ಎಂಬ ಚಪ್ಪಟೆ ತಂತಿಯ ತೀರ ಮೆದು ಸ್ಪ್ರಿಂಗ್ ಸಾಕು. ಭಾರ ಬಿದ್ದೊಡನೆ ಅದು ಪೂರ್ತಿ ಮಡಚಿಕೊಂಡು ಲೆಕ್ಕದಿಂದ ಹೊರಗುಳಿಯುತ್ತದೆ. ರಬ್ಬರ್ ಅಥವಾ ಪಾಲಿಯುರೆಥೇನ್ ಬಂಪ್ ಸ್ಟಾಪ್ ಇನ್ನೊಂದು ದಾರಿ. ಶಾಫ್ಟ್ ಮೇಲೆ ಕೂತ ಅದು ನಿಗದಿತ ಎತ್ತರದಲ್ಲಿ ತಾಗಿ, ಇರುವ ಸ್ಪ್ರಿಂಗ್‌ನ ರೇಟಿಗೆ ತನ್ನದನ್ನು ಕೂಡಿಸುತ್ತದೆ. ಹಗುರ, ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಬಿಸಿಯೇರಿದಂತೆ ಅದರ ಗುಣ ಬದಲಾಗುತ್ತದೆ, ತಾಗಿದ ಮೇಲೆ ಬಲ ಬಹು ವೇಗವಾಗಿ ಏರುತ್ತದೆ. ಗುಂಡಿ ಬಿದ್ದ ತಿರುವಿನಲ್ಲಿ ಟಯರು ಪುಟಿಯತೊಡಗುತ್ತದೆ. ಅಂಥ ಟ್ರ್ಯಾಕ್‌ಗೆ ಉಕ್ಕಿನ ಜೋಡಿಯೇ ಲೇಸು.

ಪೇರಿಸಿದ ಜೋಡಿಗೆ ಅದರದೇ ತೊಡಕುಗಳಿವೆ. ಸುರುಳಿಗಳು ಒಂದಕ್ಕೊಂದು ತಾಗಿದರೆ ಸ್ಪ್ರಿಂಗ್ ಬರಿಯ ಉಕ್ಕಿನ ಕೊಳವೆಯಾಗುತ್ತದೆ. ಸ್ಲೈಡರ್ ನಟ್ಟಿಗೆ ತಾಗುವ ಮೊದಲೇ ಮೇಲಿನ ಸ್ಪ್ರಿಂಗ್ ಹೀಗೆ ಕಟ್ಟಿಕೊಂಡರೆ ರೇಟ್ ಎಣಿಸಿದ ಜಾಗದಲ್ಲಿ ಜಿಗಿಯುವುದಿಲ್ಲ. ಹಾಗಾಗಿ ಪ್ರತಿಯೊಂದರ ಉದ್ದದಿಂದ ಪೂರ್ತಿ ಅದುಮಿದಾಗಿನ ಎತ್ತರವನ್ನು ಕಳೆದು, ಉಳಿದ ದೂರ ಬೇಕಾದಷ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಉದ್ದನೆಯ ಸಪೂರ ಸ್ಪ್ರಿಂಗ್ ಅದುಮಿದಾಗ ಬಿಲ್ಲಿನಂತೆ ಬಾಗಿ ಶಾಕ್‌ನ ಮೈಗೆ ಉಜ್ಜುತ್ತದೆ. ಎರಡೂವರೆ ಇಂಚು ವ್ಯಾಸಕ್ಕೆ 14 ಇಂಚು ಉದ್ದವೆಂದರೆ ಆ ಅಪಾಯ ಇದ್ದೇ ಇದೆ. ಅದುಮುವಾಗ ತುದಿ ತುಸು ತಿರುಗುವುದೂ ಸ್ಪ್ರಿಂಗ್‌ನ ಸ್ವಭಾವ. ಆ ತಿರುಗುವಿಕೆಗೆ ದಾರಿ ಕೊಡಲು ಬಟ್ಟಲಿನ ಕೆಳಗೆ ಥ್ರಸ್ಟ್ ಬೇರಿಂಗ್ ಇಡುತ್ತಾರೆ. ಇನ್ನು ಸ್ಲೈಡರ್‌ನ ಶತ್ರು ಟ್ರ್ಯಾಕ್‌ನ ಮಣ್ಣೇ. ಮರೆಗಳ ನಡುವೆ ಕೆಸರು ಸೇರಿ ಒಣಗಿದರೆ ಅದು ಜಾರದೆ ಕಚ್ಚಿಕೊಳ್ಳುತ್ತದೆ, ಜೋಡಿ ಒಂಟಿಯಂತೆ ನಡೆದುಕೊಳ್ಳುತ್ತದೆ. ಪ್ರತಿ ರೇಸಿನ ನಂತರ ತೊಳೆದು, ಕೈಯಿಂದ ಜಾರಿಸಿ ನೋಡಬೇಕಾದ ಭಾಗ ಅದು.

ಶಾಕ್‌ನ ತಡೆಯನ್ನೂ ಜೋಡಿಗೆ ಹೊಂದಿಸಬೇಕು. ಬೇಕಾದ ತಡೆ ರೇಟಿನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ; 300ರಿಂದ 600ಕ್ಕೆ ಜಿಗಿದರೆ ಸುಮಾರು 1.4 ಪಟ್ಟು. ಒಂದೇ ಶಾಕ್ ಎರಡಕ್ಕೂ ಪೂರ್ತಿ ಒಪ್ಪುವುದು ಕಷ್ಟ. ಮೆದು ಭಾಗಕ್ಕೆ ಹೊಂದಿಸಿದರೆ ಗಡಸು ಭಾಗದಲ್ಲಿ ಕಾರು ಕುಣಿಯುತ್ತದೆ, ಗಡಸಿಗೆ ಹೊಂದಿಸಿದರೆ ಮೆದು ಭಾಗದಲ್ಲಿ ಚಾಸಿ ಮೇಲೆದ್ದದ್ದು ಬೇಗ ಇಳಿಯುವುದಿಲ್ಲ. ಚಾಲಕ ಹೆಚ್ಚು ಹೊತ್ತು ಕಳೆಯುವ ಎತ್ತರ ಯಾವುದೋ ಅದಕ್ಕೆ ಹೊಂದಿಸುವುದು ರೂಢಿ.

ಈ ಲೆಕ್ಕಗಳಿಗೆಲ್ಲ ಆಧಾರ ಅಳತೆ. ಶಾಫ್ಟ್‌ಗೆ ತೊಡಿಸಿದ ರಬ್ಬರ್ ಉಂಗುರ ಶಾಕ್ ಎಲ್ಲಿಯವರೆಗೆ ಕುಗ್ಗಿತೆಂಬುದರ ಗುರುತು ಉಳಿಸುತ್ತದೆ; ಎಷ್ಟು ಹೊತ್ತು ಅಲ್ಲಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಒಂದೇ ಗುಂಡಿಗೆ ಹಾರಿದಾಗ ಸರಿದ ಉಂಗುರವನ್ನು ನಂಬಿ ರೇಟ್ ಏರಿಸುವುದು ಸಲ್ಲದು. ವರ್ಕ್‌ಶಾಪ್‌ನಲ್ಲಿ ಸ್ಪ್ರಿಂಗ್ ಟೆಸ್ಟರ್ ಎಂಬ ಒತ್ತುಯಂತ್ರವಿರುತ್ತದೆ. ಶಾಕ್ ಮತ್ತು ಸ್ಪ್ರಿಂಗ್‌ಗಳನ್ನು ಕಾರಿನಲ್ಲಿದ್ದಂತೆಯೇ ಜೋಡಿಸಿ ಅದರಲ್ಲಿಟ್ಟು, ನಿಂತ ಎತ್ತರದಲ್ಲಿ ಎಷ್ಟು ಪೌಂಡ್, ತಿರುವಿನ ಎತ್ತರದಲ್ಲಿ ಎಷ್ಟು ಪೌಂಡ್ ಎಂದು ಓದಿಕೊಳ್ಳುತ್ತಾರೆ. ಮುಂಚೂಣಿಯ ತಂಡಗಳ ನೋಟ್‌ಬುಕ್‌ನಲ್ಲಿ ಈಗ ಮುಖ್ಯವಾಗಿರುವುದು ಈ ಎರಡು ಅಂಕಿಗಳೇ, ಸ್ಪ್ರಿಂಗ್ ಮೇಲೆ ಬರೆದ ಅಂಕಿಯಲ್ಲ. ಒಂದೇ ಗುರುತಿನ ಎರಡು ಸ್ಪ್ರಿಂಗ್‌ಗಳಲ್ಲೂ ಕೆಲವು ಪೌಂಡ್ ವ್ಯತ್ಯಾಸವಿರುತ್ತದೆ, ಹಳತಾದಾಗ ಉದ್ದವೂ ಕುಗ್ಗುತ್ತದೆ. ಜೋಡಿಯಲ್ಲಿ ಎರಡರ ವ್ಯತ್ಯಾಸಗಳು ಸೇರಿಕೊಳ್ಳುವುದರಿಂದ ಒಂಟಿ ಸ್ಪ್ರಿಂಗ್‌ಗಿಂತ ಇಲ್ಲಿ ಅಳತೆಯ ಅಗತ್ಯ ಹೆಚ್ಚು.

ಎಲ್ಲ ಕಾರುಗಳಿಗೂ ಪೇರಿಸುವುದು ಬೇಕಾಗಿಲ್ಲ. ಕೆಳಗಿನ ಹಲವು ವರ್ಗಗಳ ನಿಯಮವೇ ಚಕ್ರಕ್ಕೊಂದು ಸ್ಪ್ರಿಂಗ್, ಅದೂ ರೇಟ್ ಬದಲಾಗದ್ದು ಎಂದು ಹೇಳುತ್ತದೆ. ನಿಯಮ ಒಪ್ಪಿದ ಕಡೆಯಲ್ಲೂ ಮೊದಲು ಒಂಟಿ ಸ್ಪ್ರಿಂಗ್‌ನಿಂದ ಕಾರು ಟ್ರ್ಯಾಕ್‌ನ ಒಂದು ಸ್ಥಿತಿಗಾದರೂ ಹೊಂದಿಕೊಂಡಿರಬೇಕು. ತಿರುವಿನ ಬಾಯಲ್ಲಿ ಸರಿಯಿದ್ದು ನಡುವೆ ಮೂಗು ಬಡಿಯುತ್ತಿದೆ, ಅಥವಾ ನಡುವೆ ಸರಿಯಿದ್ದು ಹೊರಬೀಳುವಾಗ ಎಡ ಹಿಂದಿನ ಚಕ್ರ ಸಡಿಲಾಗುತ್ತಿದೆ ಎಂದು ಖಚಿತವಾಗಿ ಗೊತ್ತಾದ ಮೇಲೆ ಆ ಒಂದು ಮೂಲೆಗೆ ಮಾತ್ರ ಜೋಡಿ ಹಾಕುವುದು ಕ್ರಮ. ಮೊದಲ ಬಾರಿ ಸಂದನ್ನು ತುಸು ಹೆಚ್ಚೇ ಬಿಟ್ಟು, ಆಮೇಲೆ ಸ್ಟಾಪ್ ನಟ್ಟನ್ನು ಕಾಲಿಂಚಿನಂತೆ ಸ್ಲೈಡರ್ ಕಡೆಗೆ ತಂದರೆ ಪ್ರತಿ ಬದಲಾವಣೆಯ ಪರಿಣಾಮವನ್ನೂ ಚಾಲಕ ಬೇರೆಬೇರೆಯಾಗಿ ಗುರುತಿಸಬಲ್ಲ. ಅದೇ ಹೊತ್ತಿಗೆ ಶಾಕ್‌ನ ತಡೆಯನ್ನೋ ಎದುರು ಮೂಲೆಯ ಸ್ಪ್ರಿಂಗನ್ನೋ ಮುಟ್ಟಬಾರದು. ಜೋಡಿ ಹಾಕಿದ ಮೇಲೆ ನಾಲ್ಕೂ ಚಕ್ರಗಳನ್ನು ಮತ್ತೆ ತಕ್ಕಡಿಯ ಮೇಲೆ ನಿಲ್ಲಿಸಿ ಮೊದಲಿನ ಭಾರಕ್ಕೆ ತರುವುದೊಂದೇ ಇದಕ್ಕೆ ಹೊರತು.